ಸೀಶೆಲ್ಸ್‌ನಲ್ಲಿ ಮಕ್ಕಳ ಜೊತೆ ಎರಡು ಕ್ಯಾಟಮರನ್, ಏಳು ರಾತ್ರಿ: ಯಾವ ತಿಂಗಳು, ಯಾವ ದಾರಿ, ಏನೇನು ಕೈಕೊಡುತ್ತದೆ?

ಕಾವೇರಿತೀರ:
ಎರಡು ಕುಟುಂಬ. ದೊಡ್ಡವರು ಏಳು ಜನ, ಮಕ್ಕಳು ಐದು (ಚಿಕ್ಕದಕ್ಕೆ ನಾಲ್ಕು ವರ್ಷ, ದೊಡ್ಡದಕ್ಕೆ ಹದಿಮೂರು). ಮಾಹೆಯಿಂದ ಹೊರಟು ಪ್ರಸ್ಲಿನ್, ಕ್ಯೂರಿಯೂಸ್, ಲಾ ಡೀಗ್ ದ್ವೀಪಗಳನ್ನು ಸುತ್ತಿ ವಾಪಸ್. ತಲಶ್ಶೇರಿ ಪಕ್ಕದ ಮಾಹೆ ಅಲ್ಲ, ಸೀಶೆಲ್ಸ್‌ನ ಮಾಹೆ. 42 ಅಡಿಯ ಎರಡು ಕ್ಯಾಟಮರನ್ (ಎರಡು ಹಲ್, ಅಂದರೆ ಜೋಡಿ ಒಡಲಿನ ಹಾಯಿದೋಣಿ), ಜೊತೆಜೊತೆಯಾಗಿ. ದೋಣಿಗೊಬ್ಬರಂತೆ ಪ್ರಮಾಣಪತ್ರ ಇರುವ ಸ್ಕಿಪ್ಪರ್ ನಮ್ಮಲ್ಲೇ ಇದ್ದಾರೆ, ಆದರೆ ಇಬ್ಬರೂ ಓಡಿಸಿರುವುದು ಒಂಟಿ ಹಲ್‌ನ ದೋಣಿ ಮಾತ್ರ. ಅರ್ಧಕ್ಕರ್ಧ ಸಸ್ಯಾಹಾರಿಗಳು. ರಜೆ ಏಪ್ರಿಲ್‌ನಲ್ಲಿ ಸಿಗುತ್ತದೆ, ಇಲ್ಲವೇ ದಸರೆಗೆ. ಗಾಳಿ, ಲಂಗರು, ನೀರು, ಅಡುಗೆ, ಯಾವುದರ ಬಗ್ಗೆ ಗೊತ್ತಿದ್ದರೂ ವಿವರವಾಗಿ ಬರೆಯಿರಿ.

ಆಗ್ನೇಯಗಾಳಿ:
ನಿಮ್ಮ ರಜೆ ಸರಿಯಾದ ಹೊತ್ತಿಗೇ ಬಿದ್ದಿದೆ. ಅಲ್ಲಿ ಮೇಯಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದಿಂದ ಗಾಳಿ. ಜುಲೈ–ಆಗಸ್ಟ್‌ನಲ್ಲಿ ಜೋರು: 15–20 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.) ಮಾಮೂಲಿ, 25 ದಾಟುವ ದಿನಗಳೂ ಇರುತ್ತವೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವಾಯವ್ಯದ ಗಾಳಿ, ಮಳೆ ಜಾಸ್ತಿ. ಎರಡರ ನಡುವಿನ ಸಂಧಿಕಾಲ ಏಪ್ರಿಲ್ ಮತ್ತು ಅಕ್ಟೋಬರ್–ನವೆಂಬರ್. ಆಗ ಗಾಳಿ 5–10 ನಾಟ್, ನೀರು ತಿಳಿ, ಅಲೆ ಕಡಿಮೆ, ಸೆಕೆ ವಿಪರೀತ. ಕರ್ನಾಟಕದ ಬೇಸಿಗೆ ರಜೆ, ದಸರಾ ರಜೆ ಎರಡೂ ಈ ಸಂಧಿಗಳ ಮೇಲೇ ಬರುತ್ತವೆ. ಇದಕ್ಕೆ ಕಾರಣವೂ ಇದೆ. ಅಲ್ಲಿ ಬೀಸುವ ಆಗ್ನೇಯ ಗಾಳಿಯೇ ಸಮಭಾಜಕ ವೃತ್ತ ದಾಟಿ, ಬಲಕ್ಕೆ ತಿರುಗಿ, ನಮ್ಮ ಕರಾವಳಿಗೆ ನೈರುತ್ಯ ಮುಂಗಾರಾಗಿ ಬರುವುದು. ನಮ್ಮಲ್ಲಿ ಮಳೆಗಾಲ ಶುರುವಾಯಿತು ಅಂದರೆ ಅಲ್ಲಿ ಗಾಳಿ ಬಲಿತಿದೆ ಅಂತಲೇ ಲೆಕ್ಕ.

ಚಂಡಮಾರುತದ ಬಗ್ಗೆ ಮನೆಯವರು ಕೇಳಿದರೆ: ಈ ಒಳದ್ವೀಪಗಳು 4–5 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿವೆ, ಸಮಭಾಜಕಕ್ಕೆ ತೀರಾ ಹತ್ತಿರ, ಚಂಡಮಾರುತದ ಪಟ್ಟಿಯ ಹೊರಗೆ. ದಿಢೀರ್ ಬಂದು ಅರ್ಧ ಗಂಟೆ ಸುರಿದು ಹೋಗುವ ಗಾಳಿಮಳೆ ಮಾತ್ರ ಯಾವ ತಿಂಗಳಲ್ಲೂ ಬರಬಹುದು.

ಇನ್ನು ದಾರಿ. ಮಾಹೆಯ ಈಡನ್ ಐಲ್ಯಾಂಡ್ ಮರೀನಾದಿಂದ ಪ್ರಸ್ಲಿನ್ ಸುಮಾರು 23–25 ನಾಟಿಕಲ್ ಮೈಲಿ, ಹೆಚ್ಚುಕಡಿಮೆ ನೇರ ಈಶಾನ್ಯಕ್ಕೆ. ಹಾಗಾಗಿ ಗಾಳಿ ಆಗ್ನೇಯದ್ದಾಗಲಿ ವಾಯವ್ಯದ್ದಾಗಲಿ, ಹೋಗುವಾಗಲೂ ಬರುವಾಗಲೂ ಪಕ್ಕೆಗೇ ಬೀಸುತ್ತದೆ. ಹಾಯಿಗೆ ಇದಕ್ಕಿಂತ ಒಳ್ಳೆಯ ಕೋನ ಇಲ್ಲ. ಅಲೆಯೂ ಪಕ್ಕೆಯಿಂದಲೇ ಬರುವುದು ಮಕ್ಕಳ ಹೊಟ್ಟೆಗೆ ಅಷ್ಟು ಒಳ್ಳೆಯದಲ್ಲ, ಅದು ಬೇರೆ ಮಾತು.

ನಾಡದೋಣಿ:
ಏಪ್ರಿಲ್‌ಗೆ ನನ್ನ ಮತ ಇಲ್ಲ. ಹಾಯಿದೋಣಿಗೆ ಅಷ್ಟು ಬಾಡಿಗೆ ಕೊಟ್ಟು ವಾರವಿಡೀ ಡೀಸೆಲ್ ಸುಡೋದು ಯಾತಕ್ಕೆ? ಸೆಪ್ಟೆಂಬರ್ ಕೊನೆ ನೋಡಿ. ಗಾಳಿ ಇಳಿಮುಖ ಆಗಿರ್ತದೆ, ಆದರೂ 12–15 ಸಿಗ್ತದೆ.

ಆಗ್ನೇಯಗಾಳಿ:
ಹಾಯಿ ಹಿಡಿಯುವವರಿಗೆ ಸೆಪ್ಟೆಂಬರ್ ಸರಿ. ನಾಲ್ಕು ವರ್ಷದ ಮಗುವಿಗೆ ಏಪ್ರಿಲ್. ಡೀಸೆಲ್ ಲೆಕ್ಕ ನೋಡಿ: ಈ ಸುತ್ತು ಒಟ್ಟು 90–100 ಮೈಲಿ. ಪೂರ್ತಿ ಎಂಜಿನ್‌ನಲ್ಲೇ ಹೋದರೂ 5.5–6 ನಾಟ್‌ನಲ್ಲಿ 17 ಗಂಟೆ. ಮಧ್ಯಮ ವೇಗದಲ್ಲಿ ಎಂಜಿನ್ ಒಂದಕ್ಕೆ ಗಂಟೆಗೆ 3.5–4 ಲೀಟರ್ ಅಂದರೆ ಎರಡಕ್ಕೂ ಸೇರಿ 130 ಲೀಟರ್ ಆಸುಪಾಸು. ಸಮುದ್ರ ಸಪಾಟಾಗಿದ್ದರೆ ಒಂದೇ ಎಂಜಿನ್ ಸಾಕು, 4.5–5 ನಾಟ್ ಬರುತ್ತದೆ, ಖರ್ಚು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಎರಡು ಗಂಟೆಗೊಮ್ಮೆ ಎಡ–ಬಲ ಬದಲಿಸಿ. ಜನರೇಟರ್ ಮತ್ತು ಏಸಿ ತಿನ್ನುವ ಡೀಸೆಲ್ ಇದರಲ್ಲಿ ಸೇರಿಲ್ಲ, ಸೆಕೆಯ ತಿಂಗಳಲ್ಲಿ ಅದೇ ದೊಡ್ಡ ಬಾಬತ್ತು.

ಲಂಗರುಗಟ್ಟಿ:
ಒಂಟಿ ಹಲ್‌ನಿಂದ ಬರುವ ಸ್ಕಿಪ್ಪರ್‌ಗಳಿಗೆ ಮೂರು ವಿಷಯ.

ಒಂದು, ಕ್ಯಾಟಮರನ್ ವಾಲುವುದಿಲ್ಲ. ಗಾಳಿ ಜಾಸ್ತಿಯಾದಾಗ ಒಂಟಿ ಹಲ್ ವಾಲಿ ಎಚ್ಚರಿಕೆ ಕೊಡುತ್ತದೆ, ಇದು ಕೊಡುವುದಿಲ್ಲ, ಒತ್ತಡವೆಲ್ಲ ಸದ್ದಿಲ್ಲದೆ ಮಾಸ್ಟು ಮತ್ತು ತಂತಿಗಳ ಮೇಲೆ ಏರುತ್ತದೆ. ಹಾಗಾಗಿ ಹಾಯಿ ಇಳಿಸುವುದನ್ನು ಮೈಗೆ ಅನಿಸಿದಂತೆ ಮಾಡಬೇಡಿ, ಗಾಳಿಯ ಮೀಟರ್ ನೋಡಿ ಮಾಡಿ. ದೋಣಿಯ ಕೈಪಿಡಿಯಲ್ಲಿ ಕೋಷ್ಟಕ ಇರುತ್ತದೆ. ಸಾಮಾನ್ಯವಾಗಿ 18–20 ನಾಟ್‌ಗೆ ಮೊದಲ ರೀಫ್ (ಹಾಯಿಯನ್ನು ಒಂದು ಮಟ್ಟ ಮಡಿಸಿ ಚಿಕ್ಕದು ಮಾಡುವುದು), 25ಕ್ಕೆ ಎರಡನೆಯದು. ಪಕ್ಕೆಗೆ ದಟ್ಟ ಕಪ್ಪು ಮೋಡ ಕಂಡರೆ ಮೀಟರ್‌ಗೂ ಕಾಯಬೇಡಿ.

ಎರಡು, ನಿಧಾನ ವೇಗದಲ್ಲಿ ಚುಕ್ಕಾಣಿ ಕೆಲಸ ಮಾಡುವುದಿಲ್ಲ. ಚಕ್ರವನ್ನು ನಡುವಿಗೆ ತಂದು ಲಾಕ್ ಮಾಡಿ, ಎರಡು ಥ್ರಾಟಲ್‌ಗಳಲ್ಲೇ ತಿರುಗಿಸಿ. ಬಲಕ್ಕೆ ತಿರುಗಬೇಕೆಂದರೆ ಎಡ ಎಂಜಿನ್ ಮುಂದಕ್ಕೆ, ಬಲ ಎಂಜಿನ್ ಹಿಂದಕ್ಕೆ. ಮೊದಲ ದಿನ ಮರೀನಾದಿಂದ ಹೊರಬಂದ ಮೇಲೆ ಖಾಲಿ ನೀರಿನಲ್ಲಿ ಹತ್ತು ನಿಮಿಷ ಇದನ್ನೇ ಮಾಡಿ.

ಮೂರು, ಲಂಗರು. ಇದನ್ನು ಬಿಡಿಸಿ ಹೇಳಬೇಕು. ಎಷ್ಟು ಸರಪಳಿ ಬಿಡಬೇಕು ಅನ್ನುವುದಕ್ಕೆ ಆಳ ಒಂದನ್ನೇ ನೋಡಿದರೆ ಸಾಲದು. ಇಳಿತದ ಹೊತ್ತಿನ ಆಳ 4 ಮೀಟರ್ ಅಂತಿಟ್ಟುಕೊಳ್ಳಿ. ಹುಣ್ಣಿಮೆ–ಅಮಾವಾಸ್ಯೆಯ ಆಸುಪಾಸಿನಲ್ಲಿ ಅಲ್ಲಿ ಉಬ್ಬರ ಒಂದೂವರೆ ಮೀಟರ್ ಏರುತ್ತದೆ. ನೀರಿನ ಮಟ್ಟದಿಂದ ಸರಪಳಿ ಇಳಿಯುವ ಮೂತಿಯವರೆಗೆ ಇನ್ನೊಂದು ಒಂದೂವರೆ. ಒಟ್ಟು 7. ಗಾಳಿ ಸೌಮ್ಯವಾಗಿದ್ದರೆ ಅದರ ಐದು ಪಟ್ಟು, 35 ಮೀಟರ್. ಬಿರುಸಾಗಿದ್ದರೆ ಏಳು ಪಟ್ಟು, 49. ದೋಣಿಯಲ್ಲಿ ಸರಪಳಿ ಇರುವುದೇ 50 ಮೀಟರ್ ಆಗಿರಬಹುದು, ಆದ್ದರಿಂದ ದೋಣಿ ಕೈಗೆ ಬರುವ ದಿನ ಎಷ್ಟು ಉದ್ದ, ಎಷ್ಟು ಮೀಟರಿಗೊಂದು ಬಣ್ಣದ ಗುರುತು ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಮರಳಿನ ಮೇಲೇ ಇಳಿಸಿ. ಮರಳು ತಿಳಿ ಹಸಿರುನೀಲಿಯಾಗಿ ಹೊಳೆಯುತ್ತದೆ. ಕಂದು ಬಣ್ಣ ಕಂಡರೆ ಹವಳ ಅಥವಾ ಬಂಡೆ, ಕಡುಹಸಿರು ಮಚ್ಚೆ ಇದ್ದರೆ ಹುಲ್ಲು. ಹುಲ್ಲಿನಲ್ಲಿ ಲಂಗರು ಕಚ್ಚುವುದಿಲ್ಲ, ಹವಳದ ಮೇಲೆ ಹಾಕಲೇಬಾರದು. ಸೂರ್ಯ ಬೆನ್ನ ಹಿಂದೆ ಎತ್ತರದಲ್ಲಿರುವಾಗ, ಅಂದರೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರೊಳಗೆ, ಪೋಲರಾಯ್ಡ್ ಕನ್ನಡಕ ಹಾಕಿದ ಒಬ್ಬರನ್ನು ಮುಂದೆ ನಿಲ್ಲಿಸಿ ಒಳಗೆ ಹೋಗಿ. ಸಮಭಾಜಕದ ಹತ್ತಿರ ವರ್ಷವಿಡೀ ಆರೂಕಾಲು–ಆರೂವರೆಗೆ ಸೂರ್ಯ ಮುಳುಗುತ್ತಾನೆ, ಮುಳುಗಿದ ಮೇಲೆ ಬೆಳಕು ನಿಲ್ಲುವುದಿಲ್ಲ. ಬಾಡಿಗೆ ಕರಾರಿನಲ್ಲೂ ರಾತ್ರಿ ಓಡಿಸಬಾರದು ಅಂತಲೇ ಇರುತ್ತದೆ.

ಇಳಿಸುವಾಗ ದೋಣಿ ಹಿಂದಕ್ಕೆ ಸರಿಯುತ್ತಿರಬೇಕು, ಇಲ್ಲದಿದ್ದರೆ ಸರಪಳಿ ಲಂಗರಿನ ಮೇಲೇ ಗುಡ್ಡೆ ಬೀಳುತ್ತದೆ. ಪೂರ್ತಿ ಬಿಟ್ಟ ಮೇಲೆ ಬ್ರೈಡಲ್ ಹಾಕಿ: ಎರಡೂ ಮೂತಿಗಳಿಂದ ಬರುವ ಹಗ್ಗದ ಕೊಕ್ಕೆಯನ್ನು ಸರಪಳಿಗೆ ಸಿಕ್ಕಿಸಿ, ಇನ್ನೂ 3–4 ಮೀಟರ್ ಸಡಿಲ ಬಿಟ್ಟರೆ ಭಾರವೆಲ್ಲ ಹಗ್ಗದ ಮೇಲೆ ಬರುತ್ತದೆ. ಆಮೇಲೆ ಎರಡೂ ಎಂಜಿನ್ ಹಿಂದಕ್ಕೆ, ಮೊದಲು 1000 ಆರ್‌ಪಿಎಂ, ನಿಧಾನವಾಗಿ 1800ಕ್ಕೆ ಏರಿಸಿ ಅರ್ಧ ನಿಮಿಷ. ದಡದ ಮೇಲಿನ ಎರಡು ಗುರುತುಗಳು, ಒಂದು ತೆಂಗಿನಮರ ಮತ್ತು ಅದರ ಹಿಂದಿನ ಬಂಡೆ ಇದ್ದರೂ ಆಯಿತು, ಒಂದಕ್ಕೊಂದು ಸರಿಯದೆ ನಿಂತರೆ ಲಂಗರು ಕಚ್ಚಿದೆ. ಕೊನೆಗೆ ಮುಖವಾಡ ಹಾಕಿ ಒಬ್ಬರು ಈಜಿ ಹೋಗಿ ನೋಡಲೇಬೇಕು. ತುದಿ ಹೂತಿರಬೇಕು, ಮಗ್ಗುಲಾಗಿ ಮಲಗಿರಬಾರದು.

ವಿಂಡ್‌ಲಾಸ್ (ಲಂಗರಿನ ಸರಪಳಿ ಎತ್ತುವ ಯಂತ್ರ) ಹೆಚ್ಚಾಗಿ ಕೈಕೊಡುವುದು ಒಂದೇ ಕಾರಣಕ್ಕೆ, ಅದರಿಂದ ದೋಣಿಯನ್ನೇ ಎಳೆಸುವುದರಿಂದ. ಅದು ಇರುವುದು ಸರಪಳಿ ಎತ್ತಲಿಕ್ಕೆ. ಎಂಜಿನ್ ಚಾಲೂ ಇರಲಿ, ನಿಧಾನ ಮುಂದೆ ಹೋಗಿ ಸರಪಳಿ ಸಡಿಲವಾದಾಗ ಮಾತ್ರ ಗುಂಡಿ ಒತ್ತಿ. ಬ್ರೇಕರ್ ಹಾರಿದರೆ ಎಲ್ಲಿದೆ ಅಂತ ಮೊದಲೇ ಗೊತ್ತಿರಬೇಕು. ಸುಮಾರು ದೋಣಿಗಳಲ್ಲಿ ಅದು ಯಾವುದೋ ಕ್ಯಾಬಿನ್‌ನ ಹಾಸಿಗೆ ಕೆಳಗೆ ಇರುತ್ತದೆ.

ಹೊಸಬ_ಹಾಯಿ:
ಮೂರು ಪಟ್ಟು ಸಾಕು ಅಂತ ತುಂಬಾ ಕಡೆ ಓದಿದ್ದೇನೆ. 35 ಮೀಟರ್ ಬಿಟ್ಟರೆ ಪಕ್ಕದ ದೋಣಿಗೆ ಹೋಗಿ ತಾಗುವುದಿಲ್ಲವೇ?

ಲಂಗರುಗಟ್ಟಿ:
ಮೂರು ಪಟ್ಟು ಊಟಕ್ಕೆ ಒಂದು ಗಂಟೆ ನಿಲ್ಲುವಾಗ, ದೋಣಿಯಲ್ಲಿ ಜನ ಇರುವಾಗ ಪರವಾಗಿಲ್ಲ. ರಾತ್ರಿಗೆ ಅಲ್ಲ. ತಾಗುವುದು ಸರಪಳಿ ಉದ್ದವಾದ್ದರಿಂದ ಅಲ್ಲ, ಪಕ್ಕದವರದು ಗಿಡ್ಡವಾಗಿದ್ದು ಎರಡು ದೋಣಿಗಳೂ ಗಾಳಿಗೆ ತಿರುಗುವ ಸುತ್ತಳತೆ ಬೇರೆಯಾದ್ದರಿಂದ. ಮೊದಲೇ ನಿಂತವರನ್ನು ಕೂಗಿ ಕೇಳಿ, ಎಷ್ಟು ಬಿಟ್ಟಿದ್ದೀರಿ ಅಂತ. ಅಷ್ಟೇ ಬಿಡಿ. ಜಾಗ ಸಾಲದಿದ್ದರೆ ಬೇರೆ ಕಡೆ ಹೋಗಿ, ನಂತರ ಬಂದವರು ಜರುಗುವುದು ಎಲ್ಲ ಕಡೆ ಇರುವ ರೂಢಿ.

ನಾಡದೋಣಿ:
ಲಂಗರುಗಟ್ಟಿ ಅವರೇ, ಇಷ್ಟು ಬರೆದು ಎಲ್ಲಿ ಹಾಕಬೇಕು ಅಂತ ಹೇಳಲಿಲ್ಲವಲ್ಲ ಮಾರಾಯ್ರೆ. ನಾನು ಹೇಳ್ತೇನೆ.

ಮೊದಲ ರಾತ್ರಿ ದೂರ ಹೋಗುವುದು ಬೇಡ. ದೋಣಿ ಒಪ್ಪಿಸಿಕೊಳ್ಳುವಷ್ಟರಲ್ಲಿ ಮಧ್ಯಾಹ್ನ ಆಗಿರ್ತದೆ. ಮರೀನಾದ ಎದುರಿಗೇ ಸೇಂಟ್ ಆ್ಯನ್ ಸಾಗರ ಉದ್ಯಾನ ಉಂಟು, ಒಂದು ಗಂಟೆಯ ದಾರಿ. ಉದ್ಯಾನಕ್ಕೆ ಶುಲ್ಕ ಉಂಟು, ರಸೀದಿ ಇಟ್ಟುಕೊಳ್ಳಿ. ಮೀನು ಹಿಡಿಯುವ ಹಾಗಿಲ್ಲ, ಚಿಪ್ಪು ಹೆಕ್ಕುವ ಹಾಗೂ ಇಲ್ಲ.

ಎರಡನೇ ದಿನ ಬೆಳಿಗ್ಗೆ 7ಕ್ಕೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಪ್ರಸ್ಲಿನ್. ಅದರ ವಾಯವ್ಯ ತುದಿಯಲ್ಲಿ ಆನ್ಸ್ ಲಾಜಿಯೊ, ಎರಡೂ ಕಡೆ ಗ್ರಾನೈಟ್ ಬಂಡೆ, ನಡುವೆ ಮರಳು. ಆಗ್ನೇಯ ಗಾಳಿಗೆ ಒಳ್ಳೆಯ ಮರೆ. ವಾಯವ್ಯದ ಅಲೆ ಬಂದರೆ ಅಲ್ಲಿ ನಿಲ್ಲಲಿಕ್ಕಾಗುವುದಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಆ ಅಲೆಯ ಬಾಲ ಇನ್ನೂ ಉಳಿದಿರಬಹುದು, ಆದ್ದರಿಂದ ತಿಂಗಳ ಕೊನೆ ಲಾಯಕ್ಕು. ಅಲ್ಲಿ ಜೆಟ್ಟಿ ಇಲ್ಲ, ಡಿಂಗಿಯಲ್ಲೇ (ಜೊತೆಗಿರುವ ಪುಟ್ಟ ದೋಣಿ) ದಡಕ್ಕೆ. ಅಲೆ ಒಡೆಯುವ ನಡುಭಾಗ ಬಿಟ್ಟು ಮೂಲೆಯಲ್ಲಿ ಇಳಿಯಿರಿ.

ಮೂರನೇ ದಿನ ಕ್ಯೂರಿಯೂಸ್, ಪ್ರಸ್ಲಿನ್‌ನಿಂದ ಒಂದು ಮೈಲಿ. ಬೇ ಲಾರೇ ಅನ್ನುವ ಕಡೆ ಇಳಿದರೆ ದೈತ್ಯ ಆಮೆಗಳು ಆರಾಮಾಗಿ ಅಡ್ಡಾಡ್ತಾ ಇರ್ತವೆ. ಅಲ್ಲಿಂದ ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆ ದಾರಿಯಲ್ಲಿ ಮುಕ್ಕಾಲು ಗಂಟೆ ನಡೆದರೆ ಇನ್ನೊಂದು ಬದಿಯಲ್ಲಿ ಹಳೇ ಕುಷ್ಠರೋಗಿಗಳ ವಸತಿಯ ವೈದ್ಯರ ಮನೆ. ಮಕ್ಕಳು ಆಮೆ ಬಿಟ್ಟು ಬರುವುದಿಲ್ಲ, ಅದಕ್ಕೆ ಸಮಯ ಇಟ್ಟುಕೊಳ್ಳಿ. ಪಕ್ಕದ ಸೇಂಟ್ ಪಿಯರ್ ಬಂಡೆದ್ವೀಪ ಸ್ನಾರ್ಕೆಲ್‌ಗೆ ಒಳ್ಳೆಯದು, ಹಗಲು ಮಾತ್ರ.

ಕೂಸಿನ್ ದ್ವೀಪಕ್ಕೆ ಹೋಗುವುದಾದರೆ ವಾರದ ದಿನ, ಬೆಳಿಗ್ಗೆ. ನಿಮ್ಮ ಡಿಂಗಿ ದಡ ಮುಟ್ಟುವ ಹಾಗಿಲ್ಲ. ಇಲಿ, ಹೊರಗಿನ ಬೀಜ ಬರಬಾರದು ಅಂತ ಅವರದೇ ದೋಣಿ ಬಂದು ಕರೆದುಕೊಂಡು ಹೋಗ್ತದೆ.

ದ್ವೀಪದಾಚೆ:
ಲಾ ಡೀಗ್ ಬಗ್ಗೆ ಒಂದು ಎಚ್ಚರಿಕೆ. ಪಶ್ಚಿಮ ದಡದ ಲಾ ಪಾಸ್ ಬಂದರು ಬಲು ಚಿಕ್ಕದು. ಒಳಗೆ ಮುಂದಿನಿಂದ ಲಂಗರು ಹಾಕಿ, ಹಿಂದೆ ದಡಕ್ಕೆ ಎರಡು ಉದ್ದ ಹಗ್ಗ ಕಟ್ಟಿ ನಿಲ್ಲಬೇಕು. ಫೆರ್ರಿ ಬಂದಾಗಲೆಲ್ಲ ದೋಣಿ ಕುಲುಕುತ್ತದೆ, ಪಕ್ಕದವರ ಸರಪಳಿ ನಿಮ್ಮದರ ಮೇಲೆ ಬಿದ್ದರೆ ಬೆಳಿಗ್ಗೆ ಹೊರಡುವಾಗ ಜಗಳ. ಮೊದಲ ಸಲ ಕ್ಯಾಟಮರನ್ ಹಿಡಿದವರು, ಅದೂ ಎರಡು ದೋಣಿ, ಈ ತಲೆನೋವು ತೆಗೆದುಕೊಳ್ಳಬೇಡಿ. ದೋಣಿಗಳನ್ನು ಪ್ರಸ್ಲಿನ್‌ನ ಬೇ ಸೇಂಟ್ ಆ್ಯನ್ ಕಡೆ ನಿಲ್ಲಿಸಿ, ದೋಣಿಗೊಬ್ಬರನ್ನು ಕಾವಲಿಗೆ ಬಿಟ್ಟು, ಉಳಿದವರು ಫೆರ್ರಿ ಹತ್ತಿ. ಕಾಲು ಗಂಟೆಯಲ್ಲಿ ಲಾ ಡೀಗ್. ಇಳಿದ ಕೂಡಲೇ ಬಾಡಿಗೆ ಸೈಕಲ್ ಸಿಗುತ್ತದೆ, ಚಿಕ್ಕವರಿಗೆ ಹಿಂದೆ ಸೀಟು ಇರುವುದನ್ನು ಕೇಳಿ.

ಆನ್ಸ್ ಸೂರ್ಸ್ ದಾರ್ಜಾನ್ ಕಡಲತೀರಕ್ಕೆ ಲ್ಯೂನಿಯನ್ ಎಸ್ಟೇಟ್ ಒಳಗಿಂದ ಟಿಕೆಟ್ ಕೊಂಡು ಹೋಗಬೇಕು. ಇಳಿತದಲ್ಲಿ ಅಲ್ಲಿ ನೀರು ಮೊಣಕಾಲಿಗೂ ಬರುವುದಿಲ್ಲ, ಚಿಕ್ಕ ಮಕ್ಕಳಿಗೆ ಅದೇ ಚೆನ್ನ. ಈಜಬೇಕಾದರೆ ಉಬ್ಬರದ ವೇಳೆ ನೋಡಿ. ದ್ವೀಪದ ಇನ್ನೊಂದು ಬದಿಯ ಗ್ರ್ಯಾಂಡ್ ಆನ್ಸ್ ಫೋಟೋದಲ್ಲಿ ಮಾತ್ರ ನೋಡಲು ಚೆಂದ. ಆಗ್ನೇಯ ಗಾಳಿಯ ಕಾಲದಲ್ಲಿ ಸೆಳೆತ ಅಪಾಯಕಾರಿ, ನೀರಿಗಿಳಿಯಬೇಡಿ.

ಪ್ರಸ್ಲಿನ್‌ನಲ್ಲಿ ಅರ್ಧ ದಿನ ಮಿಕ್ಕಿದರೆ ವ್ಯಾಲಿ ದ ಮೇ ನೋಡಿ, 1983ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ತಾಳೆ ಕಾಡು. ಜೋಡಿ ತೆಂಗಿನಕಾಯಿಯಂತಿರುವ ಕೊಕೊ ಡ ಮೇರ್ ಸಹಜವಾಗಿ ಬೆಳೆಯುವುದು ಪ್ರಸ್ಲಿನ್, ಕ್ಯೂರಿಯೂಸ್ ಎರಡರಲ್ಲೇ. ಪರವಾನಗಿ ಪತ್ರ ಇಲ್ಲದ ಕಾಯಿ ಕೊಂಡರೆ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ.

ಒಗ್ಗರಣೆ_ಡಬ್ಬಿ:
ಅಡುಗೆ ವಿಷಯ ಯಾರೂ ಮುಟ್ಟಿಲ್ಲ, ನಾನು ಬರೆಯುತ್ತೇನೆ. ಹಸಿ ಹಣ್ಣು, ತರಕಾರಿ, ಕರಿಬೇವು, ಬೀಜ ಇಲ್ಲಿಂದ ಒಯ್ಯಬೇಡಿ, ಅಲ್ಲಿ ಜೈವಿಕ ಸುರಕ್ಷತೆಯ ತಪಾಸಣೆ ಕಟ್ಟುನಿಟ್ಟು. ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿಯಂಥದ್ದು ಸೀಲ್ ಆದ ಪೊಟ್ಟಣದಲ್ಲಿರಲಿ, ಫಾರ್ಮ್‌ನಲ್ಲಿ ಇದೆ ಅಂತಲೇ ಬರೆಯಿರಿ. ಅಕ್ಕಿ, ಬೇಳೆ, ಮಸಾಲೆ ಅಲ್ಲೇ ಮಾಹೆಯ ವಿಕ್ಟೋರಿಯಾ ಪಟ್ಟಣದಲ್ಲಿ ಸಿಗುತ್ತದೆ, ಭಾರತೀಯ ಮೂಲದ ಅಂಗಡಿಗಳು ಬೇಕಾದಷ್ಟಿವೆ, ಊರ ನಡುವೆ ವಿನಾಯಕನ ಗುಡಿಯೂ ಇದೆ. ತರಕಾರಿಗೆ ಸೆಲ್ವಿನ್-ಕ್ಲಾರ್ಕ್ ಮಾರುಕಟ್ಟೆ. ಪೂರ್ತಿ ವಾರದ ಸಾಮಾನು ಮಾಹೆಯಲ್ಲೇ ತುಂಬಿಕೊಳ್ಳಿ, ಚಿಕ್ಕ ದ್ವೀಪಗಳಲ್ಲಿ ಬೆಲೆ ಹೆಚ್ಚು, ಆಯ್ಕೆ ಕಡಿಮೆ. ರಟ್ಟಿನ ಡಬ್ಬಗಳನ್ನು ದೋಣಿಯೊಳಗೆ ತರಲೇಬೇಡಿ, ಮಡಿಕೆಗಳಲ್ಲಿ ಜಿರಲೆ ಮೊಟ್ಟೆ ಇರುತ್ತದೆ. ಜೆಟ್ಟಿಯ ಮೇಲೇ ಬಿಚ್ಚಿ ಚೀಲಕ್ಕೆ ಹಾಕಿ.

ಮನೆಯಿಂದ ಒಯ್ಯಲೇಬೇಕಾದ್ದು 5 ಲೀಟರ್ ಕುಕ್ಕರ್. ಅನ್ನ ಬೇಳೆ ಒಟ್ಟಿಗೆ, ಕಡಿಮೆ ಗ್ಯಾಸು, ಕಡಿಮೆ ನೀರು. ಮುಚ್ಚಳ ಬಿಗಿಯಾದ್ದರಿಂದ ಕುಲುಕಿದರೂ ಚೆಲ್ಲುವುದಿಲ್ಲ. ಆದರೂ ದೋಣಿ ಓಡುವಾಗ ಒಲೆ ಹಚ್ಚಬೇಡಿ, ಲಂಗರು ಹಾಕಿದ ಮೇಲೇ ಅಡುಗೆ. ಪ್ರಯಾಣದ ದಿನಕ್ಕೆ ಮೊದಲೇ ಚಪಾತಿ, ಪುಳಿಯೋಗರೆ, ಮೊಸರನ್ನ. ಎಣ್ಣೆಯಲ್ಲಿ ಕರಿಯುವುದು ಏಳೂ ದಿನ ಬೇಡ.

ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮನೆಯಲ್ಲಿ ಕಿಟಕಿಯಿಂದ ಹೋದ ಹಾಗೆ ಹೋಗುವುದಿಲ್ಲ, ದೋಣಿಯ ತಳದಲ್ಲಿ ಕೂರುತ್ತದೆ. ಒಲೆ ಆರಿಸುವ ಕ್ರಮ ಹೀಗಿರಲಿ: ಮೊದಲು ಸ್ವಿಚ್‌ಬೋರ್ಡ್‌ನ ಗ್ಯಾಸ್ ಸ್ವಿಚ್ ಬಂದ್, ಕೊಳವೆಯಲ್ಲಿ ಉಳಿದದ್ದು ಉರಿದು ಆರಿದ ಮೇಲೆ ಒಲೆಯ ತಿರುಗಣೆ, ರಾತ್ರಿ ಸಿಲಿಂಡರ್ ವಾಲ್ವ್.

ನೀರಗಂಟಿ:
ನೀರಿನ ಲೆಕ್ಕ. ಟ್ಯಾಂಕ್ 600 ಲೀಟರ್, ದೋಣಿಯಲ್ಲಿ ಆರು ಜನ, ಎಚ್ಚರದಿಂದ ಬಳಸಿದರೆ ತಲೆಗೆ ದಿನಕ್ಕೆ 20–25 ಲೀಟರ್. ನಾಲ್ಕು ದಿನ ಬರುತ್ತದೆ. ನಮ್ಮವರ ಚೆಂಬಿನ ಸ್ನಾನ ಶುರುವಾದರೆ ಎರಡೇ ದಿನ! ಪಾತ್ರೆ ಉಪ್ಪುನೀರಲ್ಲಿ ಉಜ್ಜಿ, ಕೊನೆಯ ಜಾಲಾಡಿಕೆ ಮಾತ್ರ ಸಿಹಿನೀರಲ್ಲಿ. ಈಜಿ ಬಂದವರು ಹಿಂದಿನ ಮೆಟ್ಟಿಲ ಮೇಲೇ ಶವರ್ ಮುಗಿಸಲಿ. ನೀರು ತಯಾರಿಸುವ ಯಂತ್ರ ಇದ್ದರೆ ಬಂದರಿನಲ್ಲಿ ಹಾಕಬೇಡಿ, ನೀರಿನ ಮೇಲಿನ ಎಣ್ಣೆಯು ಯಂತ್ರದೊಳಗಿನ ಸೋಸುವ ಪೊರೆಯನ್ನು ಹಾಳು ಮಾಡುತ್ತದೆ. ತೆರೆದ ಕಡಲಲ್ಲಿ ಹಾಕಿ. ಕುಡಿಯಲು ಬಾಟಲಿ ನೀರು ಬೇರೆ.

ಬಾಡಿಗೆ ದೋಣಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ಕಕ್ಕಸು. ಹೊಟ್ಟೆಯಿಂದ ಬಂದದ್ದು ಬಿಟ್ಟರೆ ಬೇರೇನೂ ಹಾಕುವ ಹಾಗಿಲ್ಲ. ಕಾಗದ, ವೆಟ್ ವೈಪ್ಸ್, ಮಕ್ಕಳ ಡಯಾಪರ್ ಎಲ್ಲ ಮುಚ್ಚಳದ ಬುಟ್ಟಿಗೆ. ಕೆಲಸ ಮುಗಿದ ಮೇಲೂ ಹತ್ತು ಸೆಕೆಂಡ್ ಹೆಚ್ಚಿಗೆ ಪಂಪ್ ಮಾಡಿ, ಕೊಳವೆ ಖಾಲಿಯಾಗಲಿ. ಕಟ್ಟಿಕೊಂಡರೆ ಬಿಚ್ಚುವವರು ನೀವೇ.

ಪುಟ್ಟಹೆಜ್ಜೆ:
ಮಕ್ಕಳ ಲೈಫ್ ಜಾಕೆಟ್ ದೋಣಿಯವರೇ ಕೊಡುತ್ತಾರೆ, ಆದರೆ ಮಗುವಿನ ತೂಕ ಮೊದಲೇ ಬರೆದು ಕಳಿಸಿ. ಜಾಕೆಟ್ ಹಾಕಿ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ, ಗಲ್ಲದ ಮೇಲೆ ಹೋದರೆ ಅಳತೆ ದೊಡ್ಡದು. ತೊಡೆಯ ನಡುವಿನ ಪಟ್ಟಿ ಇರಲೇಬೇಕು. ನಾಲ್ಕು ವರ್ಷದ ಮಗುವಿಗಾಗಿ ಬೇಲಿಗೆ ಬಲೆ ಕಟ್ಟಿಸಿ, ಬುಕಿಂಗ್ ಮಾಡುವಾಗಲೇ ಕೇಳಿ.

ಮುಂಭಾಗದ ಬಲೆಯ ಮೇಲೆ ಮಲಗುವುದು ಮಕ್ಕಳಿಗೆ ಬಹಳ ಇಷ್ಟ. ಲಂಗರು ಹಾಕಿದ ಮೇಲೆ ಎಷ್ಟು ಹೊತ್ತಾದರೂ ಸರಿ, ದೋಣಿ ಓಡುವಾಗ ಯಾರೂ ಬೇಡ. ಅಲ್ಲಿಂದ ಬಿದ್ದರೆ ಎರಡು ಹಲ್‌ಗಳ ನಡುವಿನಿಂದ ಪ್ರೊಪೆಲ್ಲರ್ ಕಡೆಗೇ.

ಈಜುವಾಗ ಹಿಂದಿನಿಂದ 25–30 ಮೀಟರ್ ತೇಲುವ ಹಗ್ಗ ಬಿಟ್ಟು ತುದಿಗೆ ಫೆಂಡರ್ (ದೋಣಿಯ ಪಕ್ಕೆಗೆ ಕಟ್ಟುವ ಗಾಳಿ ತುಂಬಿದ ಮೆತ್ತೆ) ಕಟ್ಟಿ. ಸೆಳೆತ ಇದ್ದರೆ ಹಗ್ಗ ನೇರ ಚಾಚಿ ನಿಲ್ಲುತ್ತದೆ, ಆಗ ಹಗ್ಗದಾಚೆ ಯಾರೂ ಹೋಗಕೂಡದು. ಎಂಜಿನ್ ಕೀಲಿ ಈಜುವವರಲ್ಲೊಬ್ಬರ ಕೊರಳಲ್ಲಿರಲಿ, ನೀರಲ್ಲಿ ಜನ ಇರುವಾಗ ಯಾರೂ ಚಾಲೂ ಮಾಡಲಾಗದು. ಕಾಲಿಗೆ ರಬ್ಬರ್ ಶೂ. ಕಲ್ಲುಮೀನು ಚುಚ್ಚಿದರೆ ತಡೆಯುವಷ್ಟು ಬಿಸಿನೀರಲ್ಲಿ, ಸುಮಾರು 45 ಡಿಗ್ರಿ, ಅರ್ಧದಿಂದ ಒಂದೂವರೆ ಗಂಟೆ ಕಾಲಿಟ್ಟು ಆಸ್ಪತ್ರೆಗೆ ಹೊರಡಿ. ಬಿಸಿ ಎಷ್ಟಿದೆ ಅಂತ ದೊಡ್ಡವರು ಮೊದಲು ಕೈಯಿಟ್ಟು ನೋಡಲಿ, ನೋವಲ್ಲಿರುವ ಮಗುವಿಗೆ ಸುಡುವುದು ತಿಳಿಯುವುದಿಲ್ಲ.

ವಾಂತಿ ಮಾತ್ರೆಯನ್ನು ಹೊರಡುವ ಹಿಂದಿನ ರಾತ್ರಿಯೇ ಶುರು ಮಾಡಿದರೆ ಉಪಯೋಗ, ವಾಂತಿ ಆರಂಭವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಮಕ್ಕಳಿಗೆ ಯಾವುದು, ಎಷ್ಟು ಅಂತ ನಿಮ್ಮ ಡಾಕ್ಟರನ್ನು ಕೇಳಿ. ಪ್ರಸ್ಲಿನ್ ದಾಟುವ ದಿನ ಮಕ್ಕಳು ಕ್ಯಾಬಿನ್‌ನಲ್ಲಿ ಕೂತು ಮೊಬೈಲ್ ನೋಡದಿರಲಿ. ಹೊರಗೆ, ನಡುಭಾಗದಲ್ಲಿ, ದಿಗಂತ ಕಾಣುವ ಹಾಗೆ ಕೂರಲಿ.

ಜೋಡಿದೋಣಿ:
ಎರಡು ದೋಣಿ ಜೊತೆಗೆ ಹೋಗುವವರಿಗೆ: ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ಹರಟೆ ಹೊಡೆಯಬೇಡಿ, ಅದು ತುರ್ತು ಕರೆಗೆ. ಅಲ್ಲಿ ಕರೆದು 72ಕ್ಕೆ ಹೋಗಿ. ಬೆಳಿಗ್ಗೆ ಹೊರಡುವ ಮುನ್ನ ಇಬ್ಬರು ಸ್ಕಿಪ್ಪರ್‌ಗಳೂ ಎರಡು ಸಂಗತಿ ಒಪ್ಪಿಕೊಳ್ಳಿ: ಇವತ್ತಿನ ಜಾಗ, ಅಲ್ಲಿ ಜಾಗ ಸಿಗದಿದ್ದರೆ ಎರಡನೇ ಜಾಗ. ವೇಗದ ದೋಣಿ ಮುಂದೆ ಓಡಬಾರದು, ನಿಧಾನದ್ದು ಮುಂದಿರಲಿ.

ಊಟಕ್ಕೆ ಎರಡನ್ನೂ ಅಂಟಿಸಿ ನಿಲ್ಲಿಸುವ ಆಸೆ ಎಲ್ಲರಿಗೂ ಬರುತ್ತದೆ. ನೀರು ಕನ್ನಡಿಯಂತಿದ್ದಾಗ, ಒಂದೇ ಲಂಗರಿನ ಮೇಲೆ, ಐದಾರು ಫೆಂಡರ್ ಇಟ್ಟು, ಹಗಲಲ್ಲಿ ಮಾಡಿ. ಮಲಗುವ ಮುಂಚೆ ಬಿಡಿಸಿ. ರಾತ್ರಿ ಗಾಳಿ ತಿರುಗಿದರೆ ಎರಡು ದೋಣಿಯ ಭಾರವನ್ನು ಒಂದು ಲಂಗರು ತಡೆಯುವುದಿಲ್ಲ. ಮಕ್ಕಳು ಒಂದು ದೋಣಿಯಿಂದ ಇನ್ನೊಂದಕ್ಕೆ ದಿನಕ್ಕೆ ಹತ್ತು ಸಲ ಹೋಗಿಬರುತ್ತಾರೆ, ಅದಕ್ಕೆ ಡಿಂಗಿ ನಿಯಮ ಬೇಕು: ಓಡಿಸುವವರ ಮಣಿಕಟ್ಟಿಗೆ ಕಿಲ್ ಕಾರ್ಡ್ (ಅವರು ಬಿದ್ದರೆ ಎಂಜಿನ್ ನಿಲ್ಲಿಸುವ ಹುರಿ), ಎಲ್ಲರಿಗೂ ಜಾಕೆಟ್, ಸಂಜೆ ಆರರ ಮೇಲೆ ಟಾರ್ಚ್. ಪ್ರಸ್ಲಿನ್ ದಾಟುವಾಗ ಡಿಂಗಿಯನ್ನು ಹಿಂದೆ ಎಳೆಯಬೇಡಿ, ಡೇವಿಟ್‌ಗೆ (ಹಿಂಬದಿಯಲ್ಲಿ ಡಿಂಗಿ ತೂಗುಹಾಕುವ ಕಂಬಗಳಿಗೆ) ಎತ್ತಿ, ತಳದ ಬಿರಡೆ ತೆಗೆದು, ಅಡ್ಡಾಡದ ಹಾಗೆ ಬಿಗಿಯಿರಿ. ಇಳಿಸುವ ಮುಂಚೆ ಬಿರಡೆ ವಾಪಸ್ ಹಾಕುವುದನ್ನು ಒಬ್ಬರಿಗೆ ಜವಾಬ್ದಾರಿ ವಹಿಸಿ.

ಕಾವೇರಿತೀರ:
ಎಲ್ಲರಿಗೂ ಧನ್ಯವಾದ. ಏಪ್ರಿಲ್ ಕೊನೆಯ ವಾರ ಅಂತ ಗೊತ್ತು ಮಾಡಿದೆವು. ಲಾ ಡೀಗ್‌ಗೆ ಫೆರ್ರಿ. ಎರಡು ಪ್ರಶ್ನೆ ಉಳಿದಿದೆ: ವೀಸಾ, ಮತ್ತು ಕೊನೆಯ ರಾತ್ರಿ ಎಲ್ಲಿ?

ದ್ವೀಪದಾಚೆ:
ಭಾರತದ ಪಾಸ್‌ಪೋರ್ಟ್‌ಗೆ ವೀಸಾ ಬೇಡ, ಆದರೆ ಹೊರಡುವ ಮೊದಲು ಆನ್‌ಲೈನ್‌ನಲ್ಲಿ ಪ್ರಯಾಣ ಅನುಮತಿ ಪಡೆಯಲೇಬೇಕು, ಮಕ್ಕಳಿಗೂ ಸೇರಿ. ವಸತಿ ಎಲ್ಲಿ ಅನ್ನುವ ಕಡೆ ದೋಣಿ ಬಾಡಿಗೆಯ ಕರಾರು ಪತ್ರ ಲಗತ್ತಿಸಿ. ಮೊದಲ ಅಥವಾ ಕೊನೆಯ ರಾತ್ರಿ ಹೋಟೆಲ್ ಇದ್ದರೆ ಅದರ ಬುಕಿಂಗೂ ಇರಲಿ.

ಆಗ್ನೇಯಗಾಳಿ:
ಕೊನೆಯ ರಾತ್ರಿ ಮತ್ತೆ ಸೇಂಟ್ ಆ್ಯನ್ ಉದ್ಯಾನದಲ್ಲೇ. ಪ್ರಸ್ಲಿನ್‌ನಲ್ಲಿ ಉಳಿದು ಬೆಳಿಗ್ಗೆ ಓಡಿ ಬರುತ್ತೇವೆ ಅನ್ನಬೇಡಿ, ದೋಣಿ ಒಪ್ಪಿಸುವುದು ಬೆಳಿಗ್ಗೆಯೇ ಇರುತ್ತದೆ. ಅಂದರೆ ಏಳನೇ ದಿನ ಬೆಳಿಗ್ಗೆ 7ಕ್ಕೆ ಪ್ರಸ್ಲಿನ್ ಬಿಟ್ಟು, ಮಧ್ಯಾಹ್ನದ ಹೊತ್ತಿಗೆ ಮಾಹೆ ತಲುಪಿ, ಸಂಜೆಯ ಸಾಲು ಶುರುವಾಗುವ ಮೊದಲೇ ಡೀಸೆಲ್ ತುಂಬಿಸಿ, ಆಮೇಲೆ ಉದ್ಯಾನಕ್ಕೆ. ತುಂಬಿಸಿದ ರಸೀದಿಯ ಮೇಲೆ ಎಂಜಿನ್ ಗಂಟೆಗಳನ್ನು ಬರೆದಿಡಿ. ಮುಳುಗಿ ಎರಡೂ ಹಲ್‌ಗಳ ತಳ ಮತ್ತು ಪ್ರೊಪೆಲ್ಲರ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ, ಕೆಲವು ಸಾವಿರ ಯೂರೋ ಠೇವಣಿ ವಾಪಸ್ ಬರುವುದು ಅದರ ಮೇಲೆ. ದೋಣಿ ತೆಗೆದುಕೊಳ್ಳುವ ದಿನವೂ ಅದೇ ಫೋಟೋ, ಅದೇ ಕೋನದಿಂದ.